ಪಂಚಮಿಯ ಉಂಡಿ ಎಲ್ಲ ಮಕ್ಕಳಿಗೂ: ಆಹಾರ ಅಲರ್ಜಿಯುಳ್ಳ ಮನೆಗಳಿಗೊಂದು ಹಬ್ಬದ ಕೈಪಿಡಿ

ಬೆಳಗಾವಿ: ಶ್ರಾವಣ ಶುದ್ಧ ಪಂಚಮಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಮನೆಮನೆಯಲ್ಲೂ ಬೆಲ್ಲದ ಪಾಕದ ಘಮ ಏಳುತ್ತದೆ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ರವೆ ಉಂಡಿ, ಅಂಟಿನ ಉಂಡಿ, ಬುಂದಿ ಉಂಡಿ, ತಂಬಿಟ್ಟು, ಚಿಗಳಿ ಹೀಗೆ ಡಬ್ಬಿಗಳು ಸಾಲಾಗಿ ತುಂಬುತ್ತವೆ. ಹಿಂದಿನ ದಿನದ ರೊಟ್ಟಿ ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಶೇಂಗಾ ಹಿಂಡಿಯೂ ಓಣಿಯ ತುಂಬ ಹಂಚಿಕೆಯಾಗುತ್ತವೆ. ಗಂಡನ ಮನೆಯಿಂದ ಹೆಣ್ಣುಮಕ್ಕಳು ತಮ್ಮ ಮಕ್ಕಳೊಂದಿಗೆ ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟಲಾಗುತ್ತದೆ, ಅಂಗಳದಲ್ಲಿ ಆಡುವ ಪ್ರತಿ ಮಗುವಿನ ಕೈಯಲ್ಲೂ ಒಂದೊಂದು ಉಂಡಿ ಇರುತ್ತದೆ.

ಈ ಸಂಭ್ರಮದ ನಡುವೆ ಶೇಂಗಾ, ಎಳ್ಳು, ಹಾಲು ಅಥವಾ ಗೋಧಿ ಒಗ್ಗದ ಮಗುವೊಂದು ಇದ್ದರೆ ಅದರ ಪಾಲಿಗೆ ಹಬ್ಬವೆಂದರೆ ಬೇಡ, ಮುಟ್ಟಬೇಡ, ತಿನ್ನಬೇಡ ಎಂಬ ಮಾತುಗಳ ಸರಮಾಲೆಯೇ ಸರಿ. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಮಗುವಿನ ಅಲರ್ಜಿಯ ವಿಷಯ ಅದರ ತಾಯಿಗೆ ಗೊತ್ತು. ತವರಿನ ಅಜ್ಜಿಗೆ, ಸೋದರಮಾವನ ಮನೆಯವರಿಗೆ, ಪಕ್ಕದ ಮನೆಯ ಕಾಕುವಿಗೆ ಗೊತ್ತಿರುವುದಿಲ್ಲ. ಪಂಚಮಿ ಬರುವುದು ಮಳೆಗಾಲದ ನಡುವೆ. ಬೆಳಗಾವಿ ನಗರದಲ್ಲಾದರೆ ಆಸ್ಪತ್ರೆ ಕೆಲವೇ ನಿಮಿಷಗಳ ದಾರಿ. ಖಾನಾಪುರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಹಳ್ಳ ತುಂಬಿ ಹರಿಯುವ ಆ ದಿನಗಳಲ್ಲಿ ಆಂಬುಲೆನ್ಸ್ ಮನೆಯ ಬಾಗಿಲಿಗೆ ಬರುವುದೇ ಕಷ್ಟ. ಆದ್ದರಿಂದ ಹಬ್ಬದ ತಿನಿಸನ್ನು ಎಲ್ಲ ಮಕ್ಕಳೂ ತಿನ್ನುವಂತೆ ಮಾಡುವುದು ಬರಿಯ ಸೌಜನ್ಯದ ಮಾತಲ್ಲ. ಮುಂಜಾಗ್ರತೆಯ ಮಾತೂ ಹೌದು. ಇದಕ್ಕೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ಒಂದೆಡೆ ಸಂಗ್ರಹಿಸಿ ಕೊಡಲಾಗಿದೆ.

ಅಲರ್ಜಿ ಯಾವುದು, ಯಾವುದಲ್ಲ

ದೇಹದ ರಕ್ಷಣಾ ವ್ಯವಸ್ಥೆಯು ಆಹಾರದಲ್ಲಿರುವ ನಿರುಪದ್ರವಿ ಪ್ರೋಟೀನೊಂದನ್ನು ಶತ್ರುವೆಂದು ಭಾವಿಸಿ ಅದರ ಮೇಲೆ ಎರಗುವುದೇ ಆಹಾರ ಅಲರ್ಜಿ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಲಕ್ಷಣಗಳು ಕಾಣಿಸಿಕೊಳ್ಳುವುದು ಸಾಮಾನ್ಯ. ಮೈಮೇಲೆ ಗಾದರಿ ಏಳುವುದು, ತುಟಿ ಮತ್ತು ಕಣ್ಣಿನ ರೆಪ್ಪೆ ಊದಿಕೊಳ್ಳುವುದು, ವಾಂತಿ, ಹೊಟ್ಟೆನೋವು, ಕೆಮ್ಮು, ಉಬ್ಬಸ ಇವು ಅದರ ಗುರುತುಗಳು. ಉಸಿರಾಟಕ್ಕೆ ತೊಂದರೆಯಾಗಿ ರಕ್ತದೊತ್ತಡ ಕುಸಿಯುವ ಸ್ಥಿತಿಯನ್ನು ವೈದ್ಯರು ಅನಾಫಿಲಾಕ್ಸಿಸ್ ಎನ್ನುತ್ತಾರೆ. ಇದು ಪ್ರಾಣಾಪಾಯದ ಸ್ಥಿತಿ.

ನಮ್ಮಲ್ಲಿ ಗಾದರಿ ಎದ್ದರೆ ಪಿತ್ತವೆಂದು ಕರೆದು, ಕಂಬಳಿಯಿಂದ ಮೈ ಒರೆಸಿ, ಮುರುಗಲ ಹುಳಿಯ ನೀರು ಕುಡಿಸುವ ರೂಢಿ ಹಳೆಯದು. ಬರಿಯ ತುರಿಕೆಯಾದರೆ ಅದು ತಾನಾಗಿಯೇ ಇಳಿಯಬಹುದು. ಆದರೆ ಗಾದರಿಯ ಜೊತೆಗೆ ಕೆಮ್ಮು, ಧ್ವನಿ ಬದಲಾವಣೆ ಅಥವಾ ಪದೇಪದೇ ವಾಂತಿ ಕಂಡುಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯುವಂತಿಲ್ಲ.

ಅಲರ್ಜಿಯೊಂದಿಗೆ ಬೆರೆಸಿ ಮಾತನಾಡುವ ಇನ್ನೆರಡು ತೊಂದರೆಗಳುಂಟು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಅಲರ್ಜಿಯಲ್ಲ. ಅಂಥ ಮಗುವಿಗೆ ಸ್ವಲ್ಪ ಮೊಸರು, ತುಪ್ಪ ಒಗ್ಗಬಹುದು. ಹಾಲಿನ ಪ್ರೋಟೀನಿಗೆ ಅಲರ್ಜಿಯಿರುವ ಮಗುವಿಗೆ ಒಂದು ಚಮಚ ಹಾಲೂ ಅಪಾಯ ತರಬಹುದು. ಗೋಧಿಯ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ರೋಗವೂ ಗೋಧಿ ಅಲರ್ಜಿಯಿಂದ ಬೇರೆಯೇ. ಅದು ತಕ್ಷಣ ಉಸಿರು ಕಟ್ಟಿಸುವುದಿಲ್ಲ, ಆದರೆ ಜೀವನಪೂರ್ತಿ ಪಥ್ಯ ಬೇಡುತ್ತದೆ.

ಕರ್ನಾಟಕದ ಚಿತ್ರಣ

ಯುರೋಪಿನ ಸಂಶೋಧಕರೊಂದಿಗೆ ಸೇರಿ ಕರ್ನಾಟಕದಲ್ಲಿ ನಡೆಸಿದ ವಯಸ್ಕರ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಪ್ರತಿಕ್ರಿಯೆ ತೋರಿದವರು ಶೇ 26.5ರಷ್ಟು, ಆದರೆ ನಿಜವಾಗಿ ಅಲರ್ಜಿ ಇರುವ ಸಂಭವವಿದ್ದವರು ಶೇ 1.2 ಮಾತ್ರ. ಇದೇ ಯೋಜನೆಯಡಿ ಶಾಲಾ ಮಕ್ಕಳಲ್ಲಿ ನಡೆದ ಬಹುರಾಷ್ಟ್ರೀಯ ಅಧ್ಯಯನದಲ್ಲಿ ಭಾರತದ ಪ್ರಮಾಣ ಶೇ 0.14 ಎಂದು ದಾಖಲಾದರೆ ಹಾಂಗ್‌ಕಾಂಗ್‌ನ ಪ್ರಮಾಣ ಶೇ 1.5 ಆಗಿತ್ತು.

ಈ ಅಂಕಿಗಳಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ರಕ್ತಪರೀಕ್ಷೆಯ ಚೀಟಿಯೊಂದನ್ನೇ ನಂಬಿ ಮಗುವಿನ ತಟ್ಟೆಯಿಂದ ಹಾಲು, ಬೇಳೆ, ಶೇಂಗಾ ಎಲ್ಲವನ್ನೂ ತೆಗೆದುಹಾಕುವುದು ತಪ್ಪು. ಬೆಳೆಯುವ ಮಕ್ಕಳಿಗೆ ಅವು ಅಗ್ಗದ ಪೌಷ್ಟಿಕ ಆಹಾರ. ವಿನಾಕಾರಣ ಬಿಡಿಸಿದರೆ ಅಪೌಷ್ಟಿಕತೆಯನ್ನು ಆಹ್ವಾನಿಸಿದಂತಾಗುತ್ತದೆ. ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂಬ ವಿವರವನ್ನು ಪರೀಕ್ಷೆಯ ಫಲಿತಾಂಶದೊಂದಿಗೆ ಹೊಂದಿಸಿ ನೋಡಿ ತೀರ್ಮಾನಿಸಬೇಕಾದವರು ತಜ್ಞ ವೈದ್ಯರು. ಎರಡನೆಯದು, ಅಲರ್ಜಿಯುಳ್ಳ ಮಕ್ಕಳು ನಮ್ಮಲ್ಲಿ ವಿರಳ. ವಿರಳವಾದ ಕಾರಣಕ್ಕೇ ಸುತ್ತಲಿನವರಿಗೆ ಅದರ ಅರಿವಿಲ್ಲ, ಹೇಳಿದರೆ ನಂಬಿಕೆಯೂ ಕಡಿಮೆ. ಮನೆಯವರ ಮುಖ್ಯ ಕಷ್ಟ ಇರುವುದು ಇಲ್ಲಿಯೇ.

ಪಶ್ಚಿಮ ದೇಶಗಳ ಪಟ್ಟಿಯಲ್ಲಿ ಎದ್ದು ಕಾಣದ, ನಮ್ಮಲ್ಲಿ ಗಮನಿಸಬೇಕಾದ ಒಂದು ಧಾನ್ಯ ಕಡಲೆ. ಭಾರತದಲ್ಲಿ ಕಡಲೆಯೂ ಅಲರ್ಜಿಗೆ ಗಣನೀಯ ಕಾರಣವೆಂಬುದನ್ನು 2001ರಲ್ಲಿ ಪ್ರಕಟವಾದ ಭಾರತೀಯ ವೈದ್ಯರ ಅಧ್ಯಯನ ತೋರಿಸಿದೆ. ಬೇಸನ್ ಉಂಡಿ, ಬುಂದಿ, ಪುಠಾಣಿ, ಹೂರಣದ ಹೋಳಿಗೆ ಎಲ್ಲವೂ ಕಡಲೆಯ ಬೇರೆ ಬೇರೆ ರೂಪಗಳೇ.

ಹೆಸರಿನಲ್ಲಿ ಅಡಗಿರುವ ಅಪಾಯ

ಬೆಳಗಾವಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಕೂಡಿ ಬಾಳುವ ಊರು. ಇಲ್ಲಿ ಪದಾರ್ಥದ ಹೆಸರೇ ಗೊಂದಲಕ್ಕೆ ಕಾರಣವಾಗಬಲ್ಲದು. ಬೆಂಗಳೂರು ಕಡೆಯವರು ನೆಲಗಡಲೆಯನ್ನು ಕಡಲೆಕಾಯಿ, ಕಡಲೆಬೀಜ ಎನ್ನುತ್ತಾರೆ. ಅಲ್ಲಿಂದ ಬಂದ ತಾಯಿ 'ಮಗುವಿಗೆ ಕಡಲೆ ಆಗಲ್ಲ' ಎಂದರೆ ಬೆಳಗಾವಿಯ ಅಜ್ಜಿ ಬೇಸನ್ ಉಂಡಿಯನ್ನು ಬದಿಗಿಟ್ಟು ಶೇಂಗಾ ಉಂಡಿ ಕೊಡುವ ಸಂಭವವಿದೆ. ಶೇಂಗಾ ಎಂದೇ ಹೇಳಬೇಕು. ಮರಾಠಿ ಮನೆಯಾದರೆ ಶೇಂಗದಾಣೆ ಎನ್ನಬೇಕು.

ಗೋಡಂಬಿಯದೂ ಇದೇ ಕತೆ. ಕನ್ನಡದಲ್ಲಿ ಗೋಡಂಬಿ ಎಂದರೆ ಗೇರುಬೀಜದ ತಿರುಳು, ಅಂದರೆ ಕಾಜು. ಮರಾಠಿಯಲ್ಲಿ ಅದೇ ಹೆಸರಿನಿಂದ ಕರೆಯುವುದು ಕೇರುಬೀಜದ ತಿರುಳನ್ನು. ಚಳಿಗಾಲದ ಲಾಡುಗಳಿಗೆ ಅದನ್ನು ಹಾಕುವುದುಂಟು. ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಗೇರುಬೀಜ ಒಗ್ಗದ ಮಗುವಿಗೆ ಎರಡನ್ನೂ ದೂರವಿಡುವುದೇ ಲೇಸು. ಅದೇ ಕುಟುಂಬದ ಪಿಸ್ತಾ ಕೂಡ ಅಂಥ ಮಕ್ಕಳಿಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ.

ಯಾವ ತಿನಿಸಿನಲ್ಲಿ ಏನಿದೆ

ಶೇಂಗಾ: ಶೇಂಗಾ ಉಂಡಿ, ಶೇಂಗಾ ಹೋಳಿಗೆ, ಚಿಕ್ಕಿ, ಚಿವಡಾ ಇವು ಮೇಲ್ನೋಟಕ್ಕೇ ತಿಳಿಯುವಂಥವು. ತಿಳಿಯದಂತೆ ಸೇರುವುದು ಶೇಂಗಾ ಕೂಟ. ಹುರಿದು ಕುಟ್ಟಿದ ಶೇಂಗಾ ಪುಡಿಯನ್ನು ಪಲ್ಯ, ಕೋಸಂಬರಿ, ಉಪವಾಸದ ಸಾಬೂದಾಣಿ ಖಿಚಡಿ ಎಲ್ಲಕ್ಕೂ ಹಾಕುವುದು ಈ ಭಾಗದ ಪದ್ಧತಿ. ಹುರಿದರೆ ಅಥವಾ ಕರಿದರೆ ಶೇಂಗಾದ ಅಲರ್ಜಿ ಗುಣ ನಾಶವಾಗುವುದಿಲ್ಲ. ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು: ಚೆನ್ನಾಗಿ ಶುದ್ಧೀಕರಿಸಿದ ರಿಫೈನ್ಡ್ ಶೇಂಗಾ ಎಣ್ಣೆಯಲ್ಲಿ ಪ್ರೋಟೀನಿನ ಅಂಶ ಬಹುಮಟ್ಟಿಗೆ ಇರುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ.

ಎಳ್ಳು: ಎಳ್ಳುಂಡಿ, ಚಿಗಳಿ, ಎಳ್ಳು ಹೋಳಿಗೆ, ಸಂಕ್ರಾಂತಿಯ ಕುಸುರೆಳ್ಳು, ಸಜ್ಜೆ ರೊಟ್ಟಿ, ಕೆಲವೆಡೆ ಚಕ್ಕಲಿ ಮತ್ತು ಕರಜಿಕಾಯಿಯ ಹೂರಣ.

ಹಾಲು: ಬೆಳಗಾವಿಯ ಕುಂದಾ, ಧಾರವಾಡದ ಪೇಡೆ, ಖವೆ ತುಂಬಿದ ಮಂಡಿಗೆ, ರಂಜಾನಿನ ಶೀರ್‌ಖುರ್ಮಾ. ತುಪ್ಪದಲ್ಲೂ ಹಾಲಿನ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಉಳಿಯುವುದರಿಂದ ತೀವ್ರ ಅಲರ್ಜಿಯುಳ್ಳ ಮಗುವಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಆಕಳ ಹಾಲಿಗೆ ಬದಲಾಗಿ ಎಮ್ಮೆ ಅಥವಾ ಆಡಿನ ಹಾಲು ಕೊಟ್ಟರೆ ಪ್ರಯೋಜನವಿಲ್ಲ. ಪ್ರೋಟೀನುಗಳ ಹೋಲಿಕೆಯಿಂದ ಅದೇ ಪ್ರತಿಕ್ರಿಯೆ ಆಗಬಹುದು. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಗಳು ಸಕ್ಕರೆಯಿಂದಲೇ ಆದವು ಎಂದು ಭಾವಿಸುತ್ತೇವೆ. ಆದರೆ ಪಾಕದ ಕೊಳೆ ತೆಗೆಯಲು ಹಾಲು ಹಾಕುವುದುಂಟು.

ಗೋಧಿ: ರವೆ ಉಂಡಿ, ಮೈದಾ ಅಥವಾ ಗೋಧಿ ಹಿಟ್ಟಿನ ಹೋಳಿಗೆ, ಶಂಕರಪೋಳಿ, ಕರಜಿಕಾಯಿ, ಶ್ಯಾವಿಗೆ. ಕಪಲಿ ಗೋಧಿಯೂ ಗೋಧಿಯೇ. ಅದು ಹಳೆಯ ತಳಿ ಎಂಬ ಕಾರಣಕ್ಕೆ ಸುರಕ್ಷಿತವಾಗುವುದಿಲ್ಲ. ಒಗ್ಗರಣೆಯ ಇಂಗಿನ ಡಬ್ಬಿಯಲ್ಲೂ ಗೋಧಿ ಹಿಟ್ಟು ಬೆರೆತಿರುವುದು ಸಾಮಾನ್ಯ.

ಗೇರುಬೀಜ, ಬದಾಮಿ ಮುಂತಾದವು: ಗೋಕಾಕದ ಕರದಂಟು, ಅಂಟಿನ ಉಂಡಿ, ಬಹುತೇಕ ಎಲ್ಲ ಅಂಗಡಿ ಮಿಠಾಯಿಗಳು, ಕ್ರಿಸ್ಮಸ್ ಕೇಕು. ಗೋವಾ ಮತ್ತು ಕೊಂಕಣದ ಗೇರು ಸೀಮೆಗೆ ಹತ್ತಿರವಿರುವ ಖಾನಾಪುರದಲ್ಲಿ ಗೇರುಬೀಜವನ್ನು ಪಲ್ಯಕ್ಕೂ ಹಾಕುತ್ತಾರೆ.

ಮೊಟ್ಟೆ: ಕೇಕು, ಬೆಬಿಂಕಾ ಮತ್ತು ಬೇಕರಿಯ ಅನೇಕ ತಿನಿಸುಗಳು.

ಬದಲಿ ತಿನಿಸು ಪರಂಪರೆಯಲ್ಲೇ ಇದೆ

ಅಲರ್ಜಿಯುಳ್ಳ ಮಗುವಿಗೆ ಪೇಟೆಯ ಚಾಕೊಲೇಟ್ ಕೊಟ್ಟು ಸಮಾಧಾನಪಡಿಸುವುದು ಸುಲಭವಾಗಿ ಕಂಡರೂ ಸರಿಯಾದ ಪರಿಹಾರವಲ್ಲ. ಚಾಕೊಲೇಟಿನಲ್ಲಿ ಹಾಲು, ಬೀಜಗಳ ಅಂಶ ಇರುವುದು ಒಂದು ಕಾರಣ. ಎಲ್ಲರೂ ಉಂಡಿ ತಿನ್ನುವಾಗ ತನಗೆ ಮಾತ್ರ ಬೇರೆ ಎಂಬ ಭಾವ ಮಗುವಿನಲ್ಲಿ ಮೂಡುವುದು ಇನ್ನೊಂದು. ಎಲ್ಲರೂ ತಿನ್ನುವ ಉಂಡಿಯನ್ನೇ ಆ ಮಗುವಿಗೂ ಒಗ್ಗುವಂತೆ ಮಾಡುವುದು ಉತ್ತಮ. ನಮ್ಮ ಅಡುಗೆಯಲ್ಲಿ ಅದಕ್ಕೆ ಬೇಕಾದುದೆಲ್ಲ ಇದೆ.

ರಾಜಗಿರಿ ಉಂಡಿ: ಅರಳಿಸಿದ ರಾಜಗಿರಿ 100 ಗ್ರಾಂ, ಬೆಲ್ಲ 150 ಗ್ರಾಂ, ನೀರು 3 ಚಮಚ, ಏಲಕ್ಕಿ ಪುಡಿ ಸ್ವಲ್ಪ. ಬೆಲ್ಲ ಕರಗಿಸಿ ಸೋಸಿ, ತಣ್ಣೀರಿಗೆ ಬಿಟ್ಟ ಹನಿ ಮೆತ್ತಗಿನ ಗುಂಡಾಗುವವರೆಗೆ ಪಾಕ ಮಾಡಬೇಕು. ಒಲೆಯಿಂದ ಇಳಿಸಿ ರಾಜಗಿರಿ ಬೆರೆಸಿ, ಕೈಗೆ ನೀರು ಹಚ್ಚಿಕೊಂಡು ಬಿಸಿಯಿರುವಾಗಲೇ ಕಟ್ಟಬೇಕು. ಇದರಲ್ಲಿ ಶೇಂಗಾ, ಎಳ್ಳು, ಹಾಲು, ಗೋಧಿ, ಮೊಟ್ಟೆ ಯಾವುದೂ ಇಲ್ಲ. ಅಂಗಡಿಯ ರಾಜಗಿರಿ ಲಾಡುವಿನಲ್ಲಿ ಶೇಂಗಾ ಬೆರೆತಿರಬಹುದಾದ ಕಾರಣ ಮನೆಯಲ್ಲಿ ಮಾಡಿದ್ದೇ ಸುರಕ್ಷಿತ.

ಚುರುಮುರಿ ಉಂಡಿ: ಚುರುಮುರಿ 100 ಗ್ರಾಂಗೆ ಬೆಲ್ಲ 200 ಗ್ರಾಂ. ಪಾಕ ಮೇಲಿನದಕ್ಕಿಂತ ಸ್ವಲ್ಪ ಗಟ್ಟಿ ಇರಲಿ. ಬಿಡಿಯಾಗಿ ಅಳೆದು ಕೊಡುವ ಚುರುಮುರಿಯಲ್ಲಿ ಪಕ್ಕದ ಚೀಲದ ಶೇಂಗಾ, ಪುಠಾಣಿ ಬೀಳುವ ಸಂಭವವಿರುವುದರಿಂದ ಒಡೆಯದ ಚೀಲದಿಂದಲೇ ತೆಗೆದುಕೊಳ್ಳಬೇಕು.

ಕೊಬ್ಬರಿ ಉಂಡಿ ಮತ್ತು ಅಕ್ಕಿ ಹಿಟ್ಟಿನ ಕಡಬು: ಹಸಿ ಕಾಯಿತುರಿ 2 ಬಟ್ಟಲು, ಬೆಲ್ಲ 1 ಬಟ್ಟಲು ಸೇರಿಸಿ ತಳ ಬಿಡುವವರೆಗೆ ಕಾಸಿದರೆ ಉಂಡಿಗೂ ಆಯಿತು, ಗಣೇಶ ಚೌತಿಯ ಕಡಬಿನ ಹೂರಣಕ್ಕೂ ಆಯಿತು. ಹೊದಿಕೆ ಅಕ್ಕಿ ಹಿಟ್ಟಿನದಾದರೆ ಗೋಧಿಯ ಭಯವಿಲ್ಲ. ಬೀಜಗಳ ಅಲರ್ಜಿಯುಳ್ಳ ಹೆಚ್ಚಿನ ಮಕ್ಕಳಿಗೆ ತೆಂಗು ಒಗ್ಗುತ್ತದೆ. ಆದರೂ ಮೊದಲು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು.

ಕಾಯಿಹಾಲಿನ ಸಿಹಿ: ಹಾಲು ಒಗ್ಗದವರಿಗೆ ಪಾಯಸವನ್ನು ತೆಂಗಿನ ಹಾಲಿನಲ್ಲೇ ಮಾಡಬಹುದು. ಬೆಳಗಾವಿ ಮತ್ತು ಖಾನಾಪುರದ ಗೋವಾ ಮೂಲದ ಕ್ರೈಸ್ತ ಮನೆಗಳಿಗೆ ಪರಿಚಿತವಾದ ದೋದೋಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅಕ್ಕಿ ಹಿಟ್ಟು, ಕಪ್ಪು ಬೆಲ್ಲ, ತೆಂಗಿನ ಹಾಲು ಇವಿಷ್ಟರಿಂದ ತಾಳ್ಮೆಯಿಂದ ಕೈಯಾಡಿಸಿ ಮಾಡುವ ಈ ಸಿಹಿಯಲ್ಲಿ ಮೇಲೆ ಗೇರುಬೀಜ ಉದುರಿಸದಿದ್ದರೆ ಹಾಲು, ಮೊಟ್ಟೆ, ಗೋಧಿ, ಬೀಜ ಯಾವುದೂ ಇರುವುದಿಲ್ಲ.

ಸಂಕ್ರಾಂತಿಗೆ: ಎಳ್ಳು ಒಗ್ಗದ ಮಗುವಿಗೆ ಕಬ್ಬಿನ ತುಂಡು, ಬಾರೆಹಣ್ಣು, ಬೆಲ್ಲ, ಕಲ್ಲುಸಕ್ಕರೆ ಕೊಡಬಹುದು. ಸಾಬೂದಾಣಿಗೆ ಸಕ್ಕರೆ ಪಾಕ ಹಚ್ಚಿ ಕುಸುರು ಬರಿಸುವ ಪದ್ಧತಿಯೂ ಉಂಟು. ಆದರೆ ಎಳ್ಳಿಗೆ ಬಳಸಿದ ಬೋಗುಣಿಯಲ್ಲೇ ಮಾಡಿದರೆ ಪ್ರಯೋಜನವಾಗದು. ಸಂಕ್ರಾಂತಿಯ ಸಮಯದಲ್ಲಿ ಪುಟ್ಟ ಮಕ್ಕಳ ತಲೆಯ ಮೇಲಿಂದ ಕುಸುರೆಳ್ಳು, ಬಾರೆಹಣ್ಣು ಸುರಿಯುವ ಸಂಪ್ರದಾಯದಲ್ಲಿ ಎಲ್ಲ ಮಕ್ಕಳೂ ನೆಲದಿಂದ ಆರಿಸಿ ತಿನ್ನುತ್ತಾರೆಂಬುದನ್ನು ಮರೆಯಬಾರದು. ಅಲ್ಲದೆ ಐದು ವರ್ಷದೊಳಗಿನ ಯಾವ ಮಗುವಿಗೂ ಇಡಿ ಶೇಂಗಾ, ಇಡಿ ಬೀಜ ಕೊಡಬಾರದು. ಗಂಟಲಲ್ಲಿ ಸಿಕ್ಕಿಕೊಂಡು ಉಸಿರುಗಟ್ಟುವ ಅಪಾಯ ಎಲ್ಲರಿಗೂ ಸಮಾನ.

ಅಡುಗೆಮನೆಯ ಕ್ರಮ

ಪದಾರ್ಥ ಬದಲಿಸಿದರಷ್ಟೇ ಸಾಲದು. ಅದೇ ಒರಳು, ಅದೇ ಮಿಕ್ಸರ್ ಜಾರು, ಅದೇ ಕಟ್ಟಿಗೆಯ ಸೌಟು ಬಳಸಿದರೆ ಶೇಂಗಾ ಪುಡಿಯ ಅಂಶ ರಾಜಗಿರಿ ಉಂಡಿಗೂ ಬರುತ್ತದೆ. ಆದ್ದರಿಂದ ಕೆಳಗಿನ ಕ್ರಮ ಅನುಸರಿಸುವುದು ಹಿತ.

1. ಅಲರ್ಜಿಯುಳ್ಳ ಮಗುವಿನ ತಿನಿಸನ್ನು ಎಲ್ಲಕ್ಕಿಂತ ಮೊದಲು, ತೊಳೆದ ಪಾತ್ರೆಗಳಲ್ಲಿ ಮಾಡಿ ಮುಚ್ಚಿಡಬೇಕು. ಅನಂತರವೇ ಶೇಂಗಾ ಹುರಿಯಲು ಆರಂಭಿಸಬೇಕು.

2. ಕೈಯನ್ನು ಸೋಪು ಮತ್ತು ನೀರಿನಿಂದ ತೊಳೆಯಬೇಕು. ಸ್ಯಾನಿಟೈಸರ್ ರೋಗಾಣುಗಳನ್ನು ಕೊಲ್ಲಬಹುದು, ಶೇಂಗಾ ಪ್ರೋಟೀನನ್ನು ತೆಗೆಯುವುದಿಲ್ಲ.

3. ಶೇಂಗಾ ಕರಿದ ಅಥವಾ ಮೈದಾ ತಿನಿಸು ಬೇಯಿಸಿದ ಎಣ್ಣೆಯಲ್ಲಿ ಮತ್ತೆ ಕರಿಯಬಾರದು.

4. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಅಕ್ಕಿ ಬೀಸಿದರೆ ಹಿಟ್ಟು ಬೆರೆಯುತ್ತದೆ. ಗೋಧಿ ಒಗ್ಗದ ಮಗುವಿದ್ದರೆ ಅಕ್ಕಿಯನ್ನು ಮನೆಯಲ್ಲೇ ಬೀಸಿಕೊಳ್ಳುವುದು ಉತ್ತಮ.

5. ಡಬ್ಬಿಯ ಮೇಲೆ ಮಗುವಿನ ಹೆಸರು ಬರೆದು ಎತ್ತರದಲ್ಲಿಡಬೇಕು. ಎಲ್ಲ ಉಂಡಿಗಳನ್ನೂ ಒಂದೇ ತಾಟಿನಲ್ಲಿ ಜೋಡಿಸುವ ರೂಢಿಯನ್ನು ಆ ಮನೆಯ ಮಟ್ಟಿಗೆ ಬಿಡಬೇಕು.

ಅಂಗಡಿಯ ಮಿಠಾಯಿ, ಪೊಟ್ಟಣದ ಲೇಬಲ್

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಆಹಾರದ ಮೇಲೆ ಅಲರ್ಜಿಕಾರಕಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಗ್ಲುಟೆನ್ ಇರುವ ಧಾನ್ಯಗಳು, ಸಿಗಡಿ ಏಡಿಯಂಥ ಚಿಪ್ಪಿನ ಜೀವಿಗಳು, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಮರಬೀಜಗಳು, ಸೋಯಾ, ನಿಗದಿತ ಪ್ರಮಾಣ ಮೀರಿದ ಸಲ್ಫೈಟ್ ಇವು ಆ ಪಟ್ಟಿಯಲ್ಲಿವೆ. ಹತ್ತು ಅಥವಾ ಹೆಚ್ಚು ಕಡೆ ಮಳಿಗೆಯುಳ್ಳ ಹೋಟೆಲುಗಳೂ ತಮ್ಮ ಪದಾರ್ಥಗಳಲ್ಲಿರುವ ಅಲರ್ಜಿಕಾರಕಗಳ ಮಾಹಿತಿ ನೀಡಬೇಕು.

ಗಮನಿಸಬೇಕಾದ ಸಂಗತಿಯೆಂದರೆ, ಆ ಪಟ್ಟಿಯಲ್ಲಿ ಎಳ್ಳು ಮತ್ತು ಕಡಲೆ ಇಲ್ಲ. ಐರೋಪ್ಯ ಒಕ್ಕೂಟವು ಎಳ್ಳನ್ನು 2003ರ ನಿರ್ದೇಶನದಲ್ಲೇ ಸೇರಿಸಿದೆ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಅದು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕವಾಗಿ ಜಾರಿಗೆ ಬಂದಿದೆ. ಲಂಡನ್ನಿನ ಬಾಲಕಿ ನತಾಶಾ ಎಡ್ನನ್ ಲಪರೂಜ್ 2016ರಲ್ಲಿ ಎಳ್ಳು ಬೆರೆತಿದ್ದ ಬ್ರೆಡ್ ತಿಂದು ಮೃತಪಟ್ಟ ನಂತರ, ಅಂಗಡಿಯಲ್ಲೇ ತಯಾರಿಸಿ ಕಟ್ಟಿಡುವ ತಿನಿಸಿನ ಮೇಲೂ ಪೂರ್ಣ ವಿವರ ಇರಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 2021ರ ಅಕ್ಟೋಬರಿನಲ್ಲಿ ಜಾರಿಯಾಯಿತು. ಎಳ್ಳು ಇಷ್ಟು ಬಳಕೆಯಲ್ಲಿರುವ ನಮ್ಮ ದೇಶದಲ್ಲಿ ಅದನ್ನು ಪಟ್ಟಿಗೆ ಸೇರಿಸುವ ಬಗ್ಗೆ ಚಿಂತನೆ ನಡೆಯಬೇಕಾಗಿದೆ. ಅಲ್ಲಿಯವರೆಗೆ ಅಲರ್ಜಿ ಸೂಚನೆಯ ಸಾಲನ್ನಷ್ಟೇ ಓದದೆ ಪದಾರ್ಥಗಳ ಪೂರ್ಣ ಪಟ್ಟಿಯನ್ನು ಓದಬೇಕು.

ಬಿಡಿಯಾಗಿ ತೂಗಿ ಕೊಡುವ ಮಿಠಾಯಿಗೆ ಲೇಬಲ್ಲೇ ಇರುವುದಿಲ್ಲ. ಹಬ್ಬದ ಗದ್ದಲದಲ್ಲಿ ಒಂದೇ ಚಿಮಟಿಗೆಯಿಂದ ಕಾಜು ಬರ್ಫಿಯನ್ನೂ ಪೇಡೆಯನ್ನೂ ಎತ್ತಿಡಲಾಗುತ್ತದೆ. ಹೀಗಾಗಿ ತೀವ್ರ ಅಲರ್ಜಿಯುಳ್ಳ ಮಗುವಿಗೆ ಅಂಗಡಿಯ ಬಿಡಿ ಮಿಠಾಯಿ ಸುರಕ್ಷಿತವೆಂದು ಹೇಳಲು ಬರುವುದಿಲ್ಲ.

ಹೇಳುವ ರೀತಿ, ಹಂಚುವ ರೀತಿ

ಉಪಚಾರ ನಮ್ಮ ಜನರ ರಕ್ತದಲ್ಲಿದೆ. 'ಬ್ಯಾಡ್ರಿ, ಅಂವ ತಿನ್ನಂಗಿಲ್ಲ' ಎಂದರೆ ಅದನ್ನು ಸಂಕೋಚವೆಂದೋ ಮಗುವಿನ ಹಟವೆಂದೋ ತಿಳಿದು, 'ಒಂದ್ ತುಣುಕು ತಿಂದ್ರ ಏನ್ ಆಗತೈತಿ' ಎಂದು ಬಾಯಿಗೇ ತುರುಕುವವರುಂಟು. ಆದ್ದರಿಂದ ಕಾರಣವನ್ನೂ ಪರಿಣಾಮವನ್ನೂ ಒಟ್ಟಿಗೆ ಹೇಳಬೇಕು: 'ವೈನಿ, ನಮ್ಮ ಕೂಸಿಗೆ ಶೇಂಗಾ ಆಗಿಬರಂಗಿಲ್ರಿ. ಒಂದ್ ಕಾಳು ತಿಂದ್ರೂ ಉಸಿರು ಕಟ್ಟತೈತಿ, ದವಾಖಾನಿಗೆ ಒಯ್ಯಬೇಕಾಗತೈತಿ.' ಇಂಥ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ತವರಿಗೆ ಹೊರಡುವ ಮುನ್ನವೇ ದೂರವಾಣಿಯಲ್ಲಿ ತಿಳಿಸಿದರೆ ಉಂಡಿ ಕಟ್ಟುವ ಹೊತ್ತಿಗೆ ಅಜ್ಜಿಯೇ ಮೊಮ್ಮಗನ ಡಬ್ಬಿಯನ್ನು ಬೇರೆ ಮಾಡಿರುತ್ತಾಳೆ.

ಪ್ರಸಾದದ ವಿಷಯ ಇನ್ನಷ್ಟು ಸೂಕ್ಷ್ಮ. ಬೆಳಗಾವಿಯ ಗಣೇಶೋತ್ಸವದ ಮಂಟಪಗಳಲ್ಲಿ ಮಕ್ಕಳ ಕೈಗೆ ನೇರವಾಗಿ ಪ್ರಸಾದ ಬೀಳುತ್ತದೆ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮನೆಯವರ ಕೈಗೆ ಕೊಡಲು ಮಗುವಿಗೆ ಕಲಿಸಿದರೆ ಭಕ್ತಿಗೂ ಕೊರತೆಯಿಲ್ಲ, ಆರೋಗ್ಯಕ್ಕೂ ಬಾಧೆಯಿಲ್ಲ. ಮಂಡಳಿಗಳವರು ಬುಂದಿ, ಪಂಚಖಾದ್ಯದ ಜೊತೆಗೆ ಒಂದು ಬುಟ್ಟಿ ಬಾಳೆಹಣ್ಣನ್ನೂ ಇಟ್ಟರೆ ಯಾವ ಮಗುವೂ ಬರಿಗೈಯಲ್ಲಿ ಮರಳಬೇಕಾಗದು.

ಅಮೆರಿಕದಲ್ಲಿ ಅಕ್ಟೋಬರ್ ಕೊನೆಗೆ ಬರುವ ಹ್ಯಾಲೋವೀನ್ ಹಬ್ಬದಲ್ಲಿ ಮಕ್ಕಳು ಮನೆಮನೆಗೆ ಹೋಗಿ ಸಿಹಿ ಬೇಡುತ್ತಾರೆ. ಅಲರ್ಜಿಯುಳ್ಳ ಮಕ್ಕಳಿಗಾಗಿ ಆಟಿಕೆ, ಪೆನ್ಸಿಲ್‌ನಂಥ ತಿನಿಸಲ್ಲದ ಉಡುಗೊರೆ ಇಟ್ಟಿರುವ ಮನೆಯವರು ಬಾಗಿಲಲ್ಲಿ ನೀಲಿಹಸಿರು ಬಣ್ಣದ ಕುಂಬಳಕಾಯಿ ಇಡುವ ಪದ್ಧತಿ 2014ರಿಂದ ದೇಶವ್ಯಾಪಿಯಾಗಿದೆ. ನಮಗೆ ಈ ಕಲ್ಪನೆ ಹೊಸದೇನಲ್ಲ. ದಸರೆಯಲ್ಲಿ ನಾವು ಬಂಗಾರವೆಂದು ಹಂಚುವುದು ಬನ್ನಿ ಎಲೆಯನ್ನು. ಪಂಚಮಿಯಲ್ಲಿ ಮಕ್ಕಳಿಗೆ ಜೋಕಾಲಿ ಇದೆ, ದಾರ ಪೋಣಿಸಿ ತಿರುಗಿಸುವ ಕೊಬ್ಬರಿ ಬಟ್ಟಲಿನ ಆಟವಿದೆ. ಹಬ್ಬದ ಸಂತೋಷವನ್ನು ತಿನ್ನುವುದಕ್ಕಷ್ಟೇ ಸೀಮಿತಗೊಳಿಸದಿರುವ ಪರಂಪರೆ ನಮ್ಮದು.

ಶಾಲೆಗಳಲ್ಲೂ ಎಚ್ಚರ ಅಗತ್ಯ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು, ಬಿಸಿಯೂಟದ ಜೊತೆಗೆ ಕೊಡುವ ಮೊಟ್ಟೆ ಬಹುತೇಕ ಮಕ್ಕಳಿಗೆ ವರದಾನ. ಅವು ಒಗ್ಗದ ಮಗುವಿನ ಪೋಷಕರು ಶಾಲೆ ಆರಂಭವಾಗುವಾಗಲೇ ವೈದ್ಯರ ಚೀಟಿಯೊಂದಿಗೆ ಮುಖ್ಯೋಪಾಧ್ಯಾಯರಿಗೂ ಅಡುಗೆಯವರಿಗೂ ಲಿಖಿತವಾಗಿ ತಿಳಿಸಬೇಕು. ಮೊಟ್ಟೆಯ ಬದಲು ಬಾಳೆಹಣ್ಣು ಪಡೆಯಲು ಅವಕಾಶವಿದೆ. ಹುಟ್ಟುಹಬ್ಬಕ್ಕೆ ತರಗತಿಯಲ್ಲಿ ಚಾಕೊಲೇಟ್ ಹಂಚುವಾಗ ಆ ಮಗುವಿಗೆಂದು ಮನೆಯಿಂದ ತಂದಿಟ್ಟ ತಿನಿಸು ಶಿಕ್ಷಕರ ಬಳಿ ಇರುವುದು ಒಳ್ಳೆಯದು.

ಅಪಾಯ ಎದುರಾದಾಗ

ತುಟಿ ಊದಿ, ಉಸಿರಾಟ ಕಷ್ಟವಾಗಿ, ಮಗು ಬಿಳಿಚಿಕೊಂಡು ಸುಸ್ತಾದರೆ ಅದಕ್ಕೆ ಮದ್ದು ಒಂದೇ: ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆ, ಸಿರಪ್ ತುರಿಕೆಯನ್ನು ತಗ್ಗಿಸಬಹುದೇ ಹೊರತು ಉಸಿರುಗಟ್ಟುವುದನ್ನು ತಡೆಯಲಾರವು. ವಿದೇಶಗಳಲ್ಲಿ ಮನೆಯವರೇ ಚುಚ್ಚಬಲ್ಲ ಪೆನ್ನಿನಂಥ ಸಾಧನ ಬಳಕೆಯಲ್ಲಿದೆ. ನಮ್ಮ ಔಷಧ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುವಂಥದ್ದಲ್ಲ. ಆದರೆ ಅಡ್ರಿನಾಲಿನ್ ಸಣ್ಣ ಗಾಜಿನ ಸೀಸೆಯಲ್ಲಿ ಸಿಗುವ ಅಗ್ಗದ, ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮದ್ದು. ದೊಡ್ಡ ಆಸ್ಪತ್ರೆಯನ್ನೇ ಹುಡುಕಿ ಹೋಗುವ ಬದಲು ಮೊದಲು ಸಿಗುವ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ವೈದ್ಯರ ಬಳಿ ಚುಚ್ಚುಮದ್ದು ಕೊಡಿಸಿ ನಂತರ ಮುಂದೆ ಸಾಗುವುದು ಜಾಣತನ.

108ಕ್ಕೆ ಕರೆ ಮಾಡಿ ಶೇಂಗಾ ತಿಂದು ಉಸಿರಾಟದ ತೊಂದರೆ ಎಂದು ಸ್ಪಷ್ಟವಾಗಿ ಹೇಳಬೇಕು. ಮಗುವನ್ನು ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತರಿಸಬೇಕು. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಬಹುದು. ಎಬ್ಬಿಸಿ ನಡೆಸಬಾರದು. ವಾಂತಿ ಮಾಡಿಸಲು ಗಂಟಲಿಗೆ ಬೆರಳು ಹಾಕಬಾರದು. ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳ ನಂತರ ಲಕ್ಷಣ ಮರುಕಳಿಸಬಹುದಾದ್ದರಿಂದ ಆಸ್ಪತ್ರೆಯಲ್ಲಿ ನಿಗಾ ಅಗತ್ಯ.

ಬೆಳಗಾವಿ ನಗರದಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ ಹಾಗೂ ಕೆಎಲ್‌ಇ ಸಂಸ್ಥ��ಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಗಳಿವೆ. ಖಾನಾಪುರ ಪಟ್ಟಣದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ.; ಪಟ್ಟಣದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ, ಜಾಂಬೋಟಿ, ಭೀಮಗಡ ಅಭಯಾರಣ್ಯದ ಒಳಗಿನ ಹಳ್ಳಿಗಳಿಂದ ಅಲ್ಲಿಗೆ ತಲುಪಲು ಮಳೆಗಾಲದಲ್ಲಿ ಎಷ್ಟು ಹೊತ್ತು ಬೇಕಾದೀತೆಂದು ಹೇಳಲಾಗದು. ಇಂಥ ಊರಿಗೆ ಅಲರ್ಜಿಯುಳ್ಳ ಮಗುವನ್ನು ಪಂಚಮಿಗೆ ಕರೆದೊಯ್ಯುವವರು ಮೊದಲೇ ವೈದ್ಯರನ್ನು ಕಂಡು ತುರ್ತು ಔಷಧ, ಅದರ ಪ್ರಮಾಣ, ಬಳಸುವ ವಿಧಾನವನ್ನು ಬರೆಸಿಕೊಳ್ಳಬೇಕು. ಸಮೀಪದ ಆರೋಗ್ಯ ಕೇಂದ್ರ ಯಾವುದು, ಅಲ್ಲಿ ರಾತ್ರಿ ಯಾರಿರುತ್ತಾರೆ, ಊರಿನಲ್ಲಿ ಯಾರ ಬಳಿ ವಾಹನವಿದೆ ಎಂಬುದನ್ನು ಹಬ್ಬದ ಮುನ್ನಾದಿನವೇ ವಿಚಾರಿಸಿಟ್ಟುಕೊಳ್ಳಬೇಕು. ಆರೋಗ್ಯ ಇಲಾಖೆಯೂ ಶ್ರಾವಣಕ್ಕೆ ಮೊದಲು ಈ ಭಾಗದ ಉಪಕೇಂದ್ರಗಳಲ್ಲಿ ಅಡ್ರಿನಾಲಿನ್ ದಾಸ್ತಾನು ಪರಿಶೀಲಿಸಿದರೆ ಅದು ಜೇನುಹುಳು, ಕಣಜದ ಕಡಿತಕ್ಕೆ ತುತ್ತಾದವರಿಗೂ ಒದಗುತ್ತದೆ.

ಕೂಸಿಗೆ ಮೊದಲ ಶೇಂಗಾ ಯಾವಾಗ?

ಅಲರ್ಜಿಯ ಭಯದಿಂದ ಎಳೆಯ ಮಕ್ಕಳಿಗೆ ಶೇಂಗಾ ಕೊಡುವುದನ್ನೇ ಮುಂದೂಡುವುದು ಒಳಿತೆಂಬ ಅಭಿಪ್ರಾಯ ಹಿಂದೆ ಇತ್ತು. ಅದು ಈಗ ಬದಲಾಗಿದೆ. ಇಂಗ್ಲೆಂಡಿನಲ್ಲಿ ಅಪಾಯದ ಸಾಧ್ಯತೆ ಹೆಚ್ಚಿದ್ದ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವರ್ಷದೊಳಗೇ ಶೇಂಗಾ ತಿನ್ನಲು ಆರಂಭಿಸಿದ ಮಕ್ಕಳಲ್ಲಿ ಐದನೆಯ ವಯಸ್ಸಿಗೆ ಶೇಂಗಾ ಅಲರ್ಜಿ ಸುಮಾರು ಶೇ 80ರಷ್ಟು ಕಡಿಮೆ ಕಂಡುಬಂತು. ಆದ್ದರಿಂದ ಆರೋಗ್ಯವಂತ ಕೂಸಿಗೆ ಆರು ತಿಂಗಳ ನಂತರ ಇತರ ಆಹಾರ ಆರಂಭಿಸುವಾಗ ನುಣ್ಣಗೆ ಅರೆದ ಶೇಂಗಾವನ್ನು ಗಂಜಿಯಲ್ಲಿ ಬೆರೆಸಿ ಅಲ್ಪ ಪ್ರಮಾಣದಲ್ಲಿ ಕೊಡಬಹುದು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇರುವ ಕೂಸಿಗೆ ಮಾತ್ರ ಮೊದಲು ವೈದ್ಯರ ಸಲಹೆ ಅವಶ್ಯ. ಈಗಾಗಲೇ ಅಲರ್ಜಿ ಇರುವ ಮಗುವಿಗೆ 'ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡಿಸುವ' ಪ್ರಯೋಗವನ್ನು ಮನೆಯಲ್ಲಿ ಎಂದಿಗೂ ಮಾಡಕೂಡದು.

ಹಾಲು ಮತ್ತು ಮೊಟ್ಟೆಯ ಅಲರ್ಜಿ ಬೆಳೆಯುತ್ತ ಹೆಚ್ಚಿನ ಮಕ್ಕಳಲ್ಲಿ ನಿವಾರಣೆಯಾಗುತ್ತದೆ. ಶೇಂಗಾ ಅಲರ್ಜಿ ಹೋಗುವುದು ಐದರಲ್ಲಿ ಒಬ್ಬರಿಗೆ ಮಾತ್ರ. ಹೀಗಾಗಿ ಕಾಲಕಾಲಕ್ಕೆ ತಜ್ಞರಿಂದ ಮರುಪರೀಕ್ಷೆ ಮಾಡಿಸುತ್ತಿರಬೇಕು. ಹೋಗಿದೆಯೆಂದು ಖಚಿತವಾಗುವವರೆಗೆ ಪಥ್ಯ ಬಿಡಬಾರದು.

ಹಬ್ಬದ ಡಬ್ಬಿಗಳಲ್ಲಿ ಒಂದನ್ನು ಬದಲಿಸಲು ತಗಲುವುದು 100 ಗ್ರಾಂ ರಾಜಗಿರಿ ಮತ್ತು ಅರ್ಧ ಗಂಟೆ. ಆ ಡಬ್ಬಿಯಿಂದ ಓಣಿಯ ಮಕ್ಕಳೆಲ್ಲರಿಗೂ ಉಂಡಿ ಹಂಚಿದರೆ, ಯಾರಿಗೆ ಶೇಂಗಾ ಆಗಿಬರುವುದಿಲ್ಲ ಎಂದು ಯಾವ ಮಗುವನ್ನೂ ಬೊಟ್ಟು ಮಾಡಿ ತೋರಿಸುವ ಅಗತ್ಯವೇ ಬೀಳುವುದಿಲ್ಲ.